ಶಾಲೆ ಬಿಡುವ ಮಕ್ಕಳೂ ನೆರೆಹೊರೆಯವರ ಕೆಲಸವೂ

ಯಾವ ಮಗುವೂ ಒಂದೇ ದಿವಸದಲ್ಲಿ ಶಾಲೆಯನ್ನು ಬಿಡುವದಿಲ್ಲ. ಸಂತೆಗೆಂದು ಒಂದು ದಿವಸ, ಹತ್ತಿ ಬಿಡಿಸುವದಕ್ಕೆಂದು ಒಂದು ವಾರ, ತಾಯಿಗೆ ಜ್ವರವೆಂದು ಮತ್ತೆರಡು ವಾರ ತಪ್ಪಿದ ಮೇಲೆ, ಜೊತೆಯವರು ಓದುವ ಪಾಠವು ತನಗೆ ತಿಳಿಯದೆ, ಮಾಸ್ತರರ ಮುಂದೆ ನಿಲ್ಲುವದಕ್ಕೆ ನಾಚಿ, ಅದು ತಾನಾಗಿಯೇ ಹಿಂದೆ ಸರಿಯುವದು. ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿಯುವದು. ಇದನ್ನು ಎಲ್ಲರಿಗಿಂತ ಮೊದಲು ಕಾಣುವವರು ಪಕ್ಕದ ಮನೆಯವರೇ. ಆದಕಾರಣ ಈ ಪಾಠವನ್ನು ಅವರಿಗೆಂದೇ ಬರೆಯುತ್ತೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯ. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಹೋಗುವದನ್ನು ನಿಲ್ಲಿಸಿದಳೆಂದು ಕೇಳಿ, ಪುಸ್ತಕಕ್ಕೆ ಗತಿಯಿಲ್ಲದೆ ಹೀಗಾಯಿತೆಂದು ಎಣಿಸಿ, ನಾಲ್ಕು ಮಂದಿಯಿಂದ ಹಣ ಕೂಡಿಸಿ, ಚೀಲವನ್ನೂ ನೋಟುಪುಸ್ತಕಗಳನ್ನೂ ಕೊಂಡು ಒಯ್ದೆವು. ಅವಳು ಅವನ್ನು ಎರಡೂ ಕೈಗಳಿಂದ ತೆಗೆದುಕೊಳ್ಳಲಾರದೆ ಹೋದಳು. ಯಾಕಂದರೆ ಅವಳ ಸೊಂಟದ ಮೇಲೆ ಹತ್ತು ತಿಂಗಳಿನ ತಮ್ಮನಿದ್ದನು. ತಾಯಿಯು ಕೂಲಿಗೆ ಹೋದರೆ ಕೂಸಿಗೆ ಬೇರೆ ದಿಕ್ಕಿರಲಿಲ್ಲ. ತಿಂಗಳು ಕಳೆದು ಹೋಗಿ ನೋಡಿದಾಗ ಚೀಲವು ಗೂಟದಲ್ಲಿ ತೂಗುತ್ತಿತ್ತು. ಎದುರು ಮನೆಯ ಮುದುಕಿಯು ನಮ್ಮನ್ನು ಕಂಡು, “ಅಯ್ಯನವರೇ, ಪುಸ್ತಕ ತಂದಿರಿ, ಕೂಸನ್ನು ಎತ್ತಿಕೊಳ್ಳುವವರನ್ನು ತರಲಿಲ್ಲವಲ್ಲ” ಅಂದಳು. ಮಾರನೆಯ ದಿನದಿಂದ ಆ ಮುದುಕಿಯೇ ಕೂಸನ್ನು ತನ್ನ ಕಟ್ಟೆಯ ಮೇಲೆ ಆಡಿಸತೊಡಗಿದಳು. ಹುಡುಗಿಯು ಶಾಲೆಗೆ ಹೋದಳು. ಕೊಡುವದಕ್ಕೆ ನಮಗೆ ಸುಲಭವಾದದ್ದನ್ನು ಕೊಟ್ಟು ಸಂತೋಷಪಟ್ಟಿದ್ದೆವೆಂದು ಆಗ ನಮಗೆ ತಿಳಿಯಿತು.

ಇಂಥ ಕೂಸುಗಳ ನಿಮಿತ್ತ ಕರ್ನಾಟಕ ಸರಕಾರವು 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯತೊಡಗಿತು. ಮೂರು ವರುಷದೊಳಗಿನ ಮಕ್ಕಳನ್ನು ತಾಯಂದಿರು ಕೆಲಸದಲ್ಲಿರುವಾಗ ನೋಡಿಕೊಳ್ಳುವದೇ ಅದರ ಉದ್ದೇಶ. ನಿಮ್ಮ ಪಂಚಾಯತಿಯಲ್ಲಿ ಅದು ಉಂಟೋ ಎಂದು ವಿಚಾರಿಸಿರಿ. ಇಲ್ಲವಾದರೆ ಕಟ್ಟೆಯ ಮೇಲೆ ಕೂತಿರುವ ಅಜ್ಜಿಯರು ಉಂಟಷ್ಟೆ.

ಬಡವರ ಮನೆಯಲ್ಲಿ ಮಗುವಿನ ಒಂದು ದಿವಸಕ್ಕೂ ಬೆಲೆಯುಂಟೆಂಬದನ್ನು ಹಿರಿಯರು ಮೊದಲೇ ಕಂಡಿದ್ದರು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಮಂಗಳೂರಿನಲ್ಲಿ ಶಾಲೆಯನ್ನು ತೆರೆದ ಕುದ್ಮುಲ್ ರಂಗರಾಯರು, ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುತ್ತಿದ್ದರೆಂದು ಅವರ ಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ಇದನ್ನು ಲಂಚವೆಂದು ನಗುವವರು ಹಸಿದ ಮನೆಯ ಲೆಕ್ಕವನ್ನು ಅರಿಯದವರು. ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 2001ರಲ್ಲಿ ಅಪ್ಪಣೆಮಾಡಿತು. ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದಿನ ವರುಷ ಉಳಿದ ಜಿಲ್ಲೆಗಳಿಗೂ ಹಬ್ಬಿತು.

ಊಟವೊಂದೇ ಸಾಕಾಗುವದಿಲ್ಲವೆಂಬದಕ್ಕೆ ಈಗ ತೆಲಂಗಾಣಕ್ಕೆ ಸೇರಿದ ರಂಗಾರೆಡ್ಡಿ ಜಿಲ್ಲೆಯ ಸಂಗತಿಯನ್ನು ಕೇಳಿರಿ. ಅಲ್ಲಿ ಶಾಂತಾ ಸಿನ್ಹಾ ಎಂಬವರೂ ಎಂ. ವೆಂಕಟರಂಗಯ್ಯ ಪ್ರತಿಷ್ಠಾನದವರೂ 1991ರಿಂದ ದುಡಿಯುವ ಮಕ್ಕಳನ್ನು ಬಿಡಿಸುವ ಕೆಲಸಕ್ಕೆ ಕೈಹಾಕಿದರು. ಶಾಲೆಯ ಹೊರಗಿರುವ ಪ್ರತಿಯೊಂದು ಮಗುವನ್ನೂ, ಅದು ಮನೆಯಲ್ಲಿಯೇ ಇದ್ದರೂ, ದುಡಿಯುವ ಮಗುವೆಂದೇ ಅವರು ಎಣಿಸಿದರು. ಬಡ ತಂದೆತಾಯಿಗಳಿಗೆ ಓದಿಸುವ ಮನಸ್ಸಿಲ್ಲವೆಂಬ ಮಾತನ್ನು ಅವರು ನಂಬಲಿಲ್ಲ. ಊರಿನ ಯುವಕರೇ ಮನೆಮನೆಗೆ ಹೋದರು. ಮಕ್ಕಳನ್ನು ಜೀತಕ್ಕೆ ಇಟ್ಟುಕೊಂಡಿದ್ದ ಒಡೆಯರ ಸಂಗಡ ಜಗಳಕ್ಕೆ ನಿಲ್ಲದೆ ಮಾತನಾಡಿದರು. ಬಿಡುಗಡೆಯಾದ ಮಕ್ಕಳನ್ನು ಕೆಲವು ತಿಂಗಳು ಶಿಬಿರದಲ್ಲಿಟ್ಟು ಕಲಿಸಿ, ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಹನ್ನೆರಡು ವರುಷದವನನ್ನು ಒಂದನೆಯ ತರಗತಿಯಲ್ಲಿ ಚಿಕ್ಕವರ ನಡುವೆ ಕೂರಿಸಿದರೆ ಅವನು ನಾಚಿಕೆಯಿಂದಲೇ ಓಡಿಹೋಗುವನು. ಈ ಕೆಲಸಕ್ಕಾಗಿ ಶಾಂತಾ ಸಿನ್ಹಾರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

ವಯಸ್ಸಿಗೆ ತಕ್ಕ ತರಗತಿಯೆಂಬ ಆ ವಿಚಾರವು ಈಗ ದೇಶದ ಕಾಯಿದೆಯಲ್ಲಿಯೂ ಉಂಟು. 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳದು. ಹುಟ್ಟಿದ ದಿನದ ಪತ್ರವಿಲ್ಲವೆಂದಾಗಲಿ, ವರುಷದ ನಡುವೆ ಬಂದರೆಂದಾಗಲಿ, ಹಿಂದಿನ ಶಾಲೆಯ ವರ್ಗಾವಣೆ ಪತ್ರವು ತಡವಾಯಿತೆಂದಾಗಲಿ ಮಗುವನ್ನು ಸೇರಿಸಿಕೊಳ್ಳದೆ ಹಿಂದೆ ಕಳುಹಿಸಕೂಡದು. ಯಾದಗಿರಿ ಕಲಬುರಗಿಗಳ ಕಡೆಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರಿಗೆ ಇದನ್ನು ಹೊರಡುವ ಮುಂಚೆಯೇ ತಿಳಿಸಬೇಕು. ಹೊಸ ಊರಿನಲ್ಲಿ ಯಾರೂ ಅವರಿಗೆ ಹೇಳುವದಿಲ್ಲ. ಮಗುವು ಅಜ್ಜಿಯ ಬಳಿಯಲ್ಲಿಯೇ ಉಳಿಯುವದಾದರೆ ರಾತ್ರಿಯ ಊಟವನ್ನು ಯಾವ ಮನೆಯವರು ಕೊಡುವರೆಂಬದನ್ನು ಆಗಲೇ ಗೊತ್ತುಮಾಡಿಕೊಳ್ಳಿರಿ.

ಹದಿನಾಲ್ಕು ದಾಟಿದ ಮೇಲೆ ಕಾಯಿದೆಯ ಈ ಆಸರೆಯು ತಪ್ಪುವದು. ಪ್ರೌಢಶಾಲೆಯು ದೂರವಿದ್ದರೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿ, ಹದಿನೆಂಟು ತುಂಬುವ ಮುಂಚೆಯೇ ಮದುವೆಯ ಮಾತನ್ನು ಎತ್ತುವರು. ನಾಲ್ಕು ಮನೆಯ ಹುಡುಗಿಯರನ್ನು ಜೊತೆಗೂಡಿಸಿ ಕಳುಹಿಸಿದರೆ ತಾಯಂದಿರ ಅರ್ಧ ಭಯವು ಹೋಗುವದು. ಸರಕಾರಿ, ಅನುದಾನಿತ ಶಾಲೆಗಳಲ್ಲಿ ಓದುವ ಬಡ ಮಕ್ಕಳಿಗೆ ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿವೇತನದ ಒಂದು ಪರೀಕ್ಷೆಯುಂಟು. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡರ ವರೆಗೆ ವರುಷಕ್ಕೆ 12,000 ರೂಪಾಯಿ ಎಂದು 2017ರಲ್ಲಿ ಗೊತ್ತುಮಾಡಿದರು. ಅರ್ಜಿ ತುಂಬಲು ಓದುಬರಹ ಬಲ್ಲವರ ಒಂದು ಸಂಜೆಯು ಸಾಕು.

ನಾವು ಹೇಳಿದ ಹುಡುಗಿಯು ತಿಂಗಳುಗಟ್ಟಲೆ ತಪ್ಪಿದ್ದರಿಂದ ಭಾಗಾಕಾರವನ್ನು ಅರಿಯದೆ ಮತ್ತೆ ಹಿಂಜರಿಯುವದರಲ್ಲಿದ್ದಳು. ಏಳನೆಯ ತರಗತಿಯ ಹುಡುಗಿಯೊಬ್ಬಳು ಸಂಜೆಯ ಹೊತ್ತು ಹುಣಸೆಬೀಜಗಳನ್ನು ಹರಡಿ ಅದನ್ನು ಕಲಿಸಿದಳು. ಹತ್ತಿ ಬಿಡಿಸುವ ಕಾಲವು ದೀಪಾವಳಿಯ ಹೊತ್ತಿಗೆ ಬರುವದು. ಅದಕ್ಕೆ ಮುಂಚೆ ನಿಮ್ಮ ಬೀದಿಯ ಒಂದೊಂದು ಮನೆಗೂ ಹೋಗಿ, ಹೋದ ವಾರ ಯಾವ ಮಗು ಎಷ್ಟು ದಿವಸ ತಪ್ಪಿತು, ಯಾಕೆ ತಪ್ಪಿತು ಎಂದು ತಾಯಿಯನ್ನೇ ಕೇಳಿರಿ.