ಹಳೆಯ ಕೊಡಲಿ: ಮಾರುವ ಮುನ್ನ, ಕೊಳ್ಳುವ ಮುನ್ನ

ಹೈದರಾಬಾದಿನಲ್ಲಿ ಗುರುವಾರದ ಜುಮ್ಮೆರಾತ್ ಬಜಾರಿಗೋ ಭಾನುವಾರದ ಎರ್ರಗಡ್ಡ ಸಂತೆಗೋ ಹೋದವರು ನೋಡಿರುತ್ತಾರೆ. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಹಳೆಯ ಬೀಗ, ತೂಕದ ಕಲ್ಲು, ಹಿತ್ತಾಳೆ ನಲ್ಲಿಗಳ ನಡುವೆ ಕಾವಿಲ್ಲದ ಕೊಡಲಿಗಳೂ ಬಿದ್ದಿರುತ್ತವೆ. ಗುಜರಿ ಬೆಲೆಗೆ ಹೋದ ಅದೇ ಕೊಡಲಿ ತುಕ್ಕು ತೆಗೆಸಿಕೊಂಡು, ಹೊಸ ಕಾವು ಹಾಕಿಸಿಕೊಂಡು, ಕೆಲವು ದಿನಗಳಲ್ಲಿ ಮೊಬೈಲಿನ ಜಾಹೀರಾತಿನಲ್ಲಿ ‘ಆಂಟಿಕ್’ ಎಂದು ಕಾಣಿಸಿಕೊಳ್ಳುತ್ತದೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಎದುರಾಗುತ್ತದೆ: ಊರಿನ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದ ಅಜ್ಜನ ಕಾಲದ ಕೊಡಲಿಯನ್ನು ಆನ್‌ಲೈನ್‌ನಲ್ಲಿ ಮಾರಬಹುದೇ? ಅಂಥದ್ದೊಂದನ್ನು ಸಂಗ್ರಹಕ್ಕೆಂದು ಕೊಳ್ಳಬಹುದೇ?

ಮಾರಬಹುದು, ಕೊಳ್ಳಲೂಬಹುದು. ಆದರೆ ‘ಕೊಡಲಿ’ ಎಂಬ ಒಂದೇ ಹೆಸರಿನಡಿ ಕಾನೂನಿನ ಕಣ್ಣಿಗೆ ಬೇರೆ ಬೇರೆ ವಸ್ತುಗಳಿವೆ. ಮರ ಕಡಿಯುವ ಹತಾರವೇ, ಯುದ್ಧದ ಆಯುಧವೇ, ನೂರು ವರ್ಷ ದಾಟಿದ ಪ್ರಾಚೀನ ವಸ್ತುವೇ, ನೆಲದಿಂದ ಎದ್ದ ಕಲ್ಲಿನ ಕೊಡಲಿಯೇ? ಇದನ್ನು ಗುರುತಿಸದೆ ಫೋಟೊ ಹಾಕಬೇಡಿ, ಹಣ ಕಳಿಸಬೇಡಿ. ಮುಂದಿನ ಹಕ್ಕು, ಹೊಣೆ ಎಲ್ಲ ಅದರ ಮೇಲೆಯೇ ನಿಂತಿವೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಮಾತ್ರ ಸಂಬಂಧಿಸಿದ್ದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹಲ್ಲೆಗೋ ರಕ್ಷಣೆಗೋ ಆಯುಧವೆಂದು ರೂಪಿಸಿದ ಹರಿತ ಅಲಗಿನ ವಸ್ತುಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಮನೆಬಳಕೆಗೆ ಅಥವಾ ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುಗಳನ್ನು ಅದೇ ಕಾಯ್ದೆ ಹೊರಗಿಟ್ಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯ ಐದನೇ ವರ್ಗದಲ್ಲಿ ಕತ್ತಿ, ಕಠಾರಿ, ಬಯೋನೆಟ್, ಈಟಿಗಳ ಸಾಲಿನಲ್ಲಿ ಯುದ್ಧಗೊಡಲಿಯ ಹೆಸರೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಂಥ ಇತರ ಆಯುಧಗಳನ್ನೂ ಆ ವರ್ಗ ಸೇರಿಸಿಕೊಳ್ಳುತ್ತದೆ. ಗೃಹ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಬಳಕೆಗೆ ಮಾಡಿದವಕ್ಕೆ ಅಲ್ಲಿಯೂ ವಿನಾಯಿತಿ ಇದೆ.

ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸೌದೆ ಒಡೆಯುವ ಯಾವ ಕೊಡಲಿಯನ್ನಾದರೂ ನೋಡಿ. ಅದರ ಬಾಯಿ ಸಾಮಾನ್ಯವಾಗಿ 2 ಇಂಚಿಗಿಂತ ಅಗಲವೇ ಇರುತ್ತದೆ. ಅಂದರೆ ಅದನ್ನು ಕಾಯ್ದೆಯಿಂದ ಹೊರಗಿಡುವುದು ಅದರ ಅಳತೆಯಲ್ಲ, ಅದನ್ನು ಮಾಡಿದ ಉದ್ದೇಶ. ಜಾಹೀರಾತಿನ ಭಾಷೆಯ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೇ. ‘ಸೌದೆ ಕೊಡಲಿ, ಹಳೆಯದು, ಕಾವು ಹೊಸದು’ ಎಂದು ಬರೆದವರು ಒಂದು ಹತಾರವನ್ನು ಮಾರುತ್ತಿದ್ದಾರೆ. ಹೆಚ್ಚು ಬೆಲೆ ಬರಲಿ ಎಂದು ಅದೇ ವಸ್ತುವಿಗೆ ‘ರಾಜರ ಕಾಲದ ಆಯುಧ’, ‘ಆತ್ಮರಕ್ಷಣೆಗೆ’ ಎಂದು ಬರೆದವರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಬರೆದಿಟ್ಟಂತೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ಎಲೆಕ್ಟ್ರಾನಿಕ್ ದಾಖಲೆಯೂ ಸಾಕ್ಷ್ಯವೇ.

ಯುದ್ಧಗೊಡಲಿಯನ್ನು ಕಣ್ಣಲ್ಲೇ ಗುರುತಿಸಬಹುದು. ಮರ ಕಡಿಯುವ ಕೊಡಲಿಯ ತಲೆ ದಪ್ಪ, ಹಿಂಬದಿ ಚಪ್ಪಟೆ, ಕಾವು ಮರದ್ದು. ಹೊಡೆದು ಹೊಡೆದು ಆ ಹಿಂಬದಿ ಅಂಚು ಮಡಚಿಕೊಂಡಿದ್ದರೆ ಅದು ದುಡಿದ ಕೊಡಲಿ. ದಖ್ಖನ್ ಮತ್ತು ಉತ್ತರ ಭಾರತದ ದರ್ಬಾರುಗಳಲ್ಲಿದ್ದ ‘ತಬರ್’ ಬೇರೆ ಜಾತಿಯದು. ಅದರ ಅಲಗು ತೆಳ್ಳಗೆ, ಅರ್ಧಚಂದ್ರಾಕಾರವಾಗಿ ಬಾಗಿರುತ್ತದೆ. ಹಿಡಿ ಹಲವೊಮ್ಮೆ ಪೂರ್ತಿ ಲೋಹದ್ದು. ಕೆಲವದರಲ್ಲಿ ಹಿಡಿಯ ತುದಿ ತಿರುಚಿದರೆ ಒಳಗಿನಿಂದ ಸಣ್ಣ ಕಠಾರಿ ಹೊರಬರುತ್ತದೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಶಸ್ತ್ರಗಳ ವಿಭಾಗದಲ್ಲಿ ಒಂದಿಷ್ಟು ಹೊತ್ತು ಕಳೆದರೆ, ಕೊಳ್ಳುವವರಿಗೆ ಯಾವ ಜಾಹೀರಾತೂ ಕಲಿಸದ ಪಾಠ ಸಿಗುತ್ತದೆ. ಅಲಗಿನ ಮೇಲಿನ ನೀರಿನಲೆಯಂಥ ಗೆರೆಗಳನ್ನು ತೋರಿಸಿ ಹಳೆಯ ಉಕ್ಕು ಎನ್ನುವವರ ಬಗ್ಗೆ ಎಚ್ಚರವಿರಲಿ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಅಂಥ ಉಕ್ಕಿಗೆ ಹೆಸರಾಗಿದ್ದ ಊರು ಎಂಬುದು ನಿಜ. ಆದರೆ ಹೊಸ ತಗಡಿನ ಮೇಲೆ ಆಮ್ಲ ಹಾಕಿಯೂ ಆ ಗೆರೆಯನ್ನು ಹೋಲುವ ಗೆರೆ ಮೂಡಿಸುತ್ತಾರೆ.

ವಸ್ತು ತಬರ್ ಆಗಿದ್ದರೆ ನಿಯಮ ಬದಲಾಗುತ್ತದೆ. ಬಂದೂಕುಗಳ ಮತ್ತು ನಿಯಮಗಳಲ್ಲಿ ಗೊತ್ತುಪಡಿಸಿದ ಇತರ ಆಯುಧಗಳ ವ್ಯಾಪಾರಕ್ಕೆ ಕಾಯ್ದೆಯ 5ನೇ ಕಲಮಿನಡಿ ಪರವಾನಗಿ ಬೇಕು. ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡದ್ದನ್ನು, ಅದನ್ನು ಹೊಂದಲು ಅರ್ಹನಾದ ಇನ್ನೊಬ್ಬನಿಗೆ ಮಾರಲು ಅದೇ ಕಲಂ ಅವಕಾಶ ಕೊಡುತ್ತದೆ. 4ನೇ ಕಲಮಿನಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಾದರೆ, ಗೊತ್ತುಪಡಿಸಿದ ಆಯುಧವನ್ನು ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕು. ಹಾಗಾಗಿ ಕೊಳ್ಳುವವನ ಊರು ಯಾವುದು ಎಂಬುದೂ ಮುಖ್ಯ. ಅನುಮಾನವಿದ್ದರೆ ವಸ್ತುವಿನ ಫೋಟೊ, ಅಳತೆ ಸಮೇತ ಪೊಲೀಸ್ ಕಮಿಷನರ್ ಕಚೇರಿಯ ಶಸ್ತ್ರ ಪರವಾನಗಿ ವಿಭಾಗಕ್ಕೆ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಇದು ಅತಿ ಎಚ್ಚರವಲ್ಲ. 2018ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ ಆನ್‌ಲೈನ್ ಖರೀದಿಯ ಪಾರ್ಸೆಲ್‌ಗಳಲ್ಲಿ ಬಂದ ಕತ್ತಿ, ಚಾಕುಗಳನ್ನು ಪೊಲೀಸರು ವಶಪಡಿಸಿಕೊಂಡಿದ್ದರು.

ಮನೆಯ ಗೋಡೆಗೆ ತೂಗುಹಾಕಿದ್ದು ಬೇರೆ, ಹಿಡಿದುಕೊಂಡು ಬೀದಿಗೆ ಹೋಗುವುದು ಬೇರೆ. ನಿಜಾಮರ ಕಾಲದ, ಫಸಲಿ ಪಂಚಾಂಗದ 1348ನೇ ವರ್ಷದ ಹೈದರಾಬಾದ್ ನಗರ ಪೊಲೀಸ್ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಚುನಾವಣೆ, ದೊಡ್ಡ ಮೆರವಣಿಗೆಗಳ ಹೊತ್ತಿನಲ್ಲಿ ಅದರ 22ನೇ ಕಲಮಿನಡಿ ಕಮಿಷನರ್ ಹೊರಡಿಸುವ ಆದೇಶಗಳು ಕತ್ತಿ, ಈಟಿ, ಚಾಕು ಮಾತ್ರವಲ್ಲ, ದೊಣ್ಣೆ ಹಿಡಿದು ಓಡಾಡುವುದನ್ನೂ ನಿಷೇಧಿಸುತ್ತವೆ. ಮೆಟ್ರೊ ನಿಲ್ದಾಣದಲ್ಲಿ ಭೇಟಿಯಾಗಿ ಕೊಡಲಿ ಕೈಬದಲಾಯಿಸುವ ಯೋಜನೆಯನ್ನು ಕೈಬಿಡಿ.

ನೂರು ವರ್ಷ ದಾಟಿದ್ದರೆ

1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ಐತಿಹಾಸಿಕ ಆಸಕ್ತಿಯ ವಸ್ತು, ಹಿಂದಿನ ಕಾಲದ ಕಲೆ, ಕಸುಬು, ಆಚಾರಗಳನ್ನು ತೋರುವ ವಸ್ತು ಕನಿಷ್ಠ 100 ವರ್ಷ ಹಳೆಯದಾಗಿದ್ದರೆ ಅದು ಪ್ರಾಚೀನ ವಸ್ತು. ಅದನ್ನು ದೇಶದೊಳಗೆ ಹೊಂದುವುದು ತಪ್ಪಲ್ಲ. ಆದರೆ ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು. ಅಜ್ಜನ ಒಂದು ವಸ್ತುವನ್ನು ಒಮ್ಮೆ ಮಾರುವುದಕ್ಕೂ, ಹಳ್ಳಿ ಹಳ್ಳಿ ಸುತ್ತಿ ಕೊಂಡು ತಂದು ವಾರವಾರ ಮಾರುವುದಕ್ಕೂ ಇರುವ ಅಂತರ ಇಲ್ಲಿ ನಿರ್ಣಾಯಕ. ವಿದೇಶದ ಗ್ರಾಹಕ ಎಷ್ಟೇ ಬೆಲೆ ಕೊಡಲಿ, ಖಾಸಗಿ ವ್ಯಕ್ತಿ ಅದನ್ನು ಹೊರಕ್ಕೆ ಕಳಿಸುವಂತಿಲ್ಲ. ಕಳಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಮೇಲೆ ದಂಡ.

ಕೊಡಲಿ ನಿಜಕ್ಕೂ ಪ್ರಾಚೀನವೇ ಎಂಬ ತಕರಾರು ಎದ್ದರೆ, ಕಾಯ್ದೆಯ 24ನೇ ಕಲಮಿನಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ತೀರ್ಮಾನವೇ ಅಂತಿಮ. ಹೈದರಾಬಾದಿನಲ್ಲಿ ಇಲಾಖೆಯ ವೃತ್ತ ಕಚೇರಿ ಇದೆ. ‘ಇದು ಪ್ರಾಚೀನ ವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಇಲಾಖೆ ಕೊಡುತ್ತದೆ. ಆ ಒಂದು ಕಾಗದ ಮುಂದೆ ಹಲವು ತೊಡಕುಗಳನ್ನು ತಪ್ಪಿಸೀತು.

ಕಲ್ಲಿನ ಕೊಡಲಿಗಳ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು: ಮಾರಬೇಡಿ, ಕೊಳ್ಳಬೇಡಿ. ರಾಯಚೂರಿನ ಮಸ್ಕಿ, ಪಿಕ್ಲಿಹಾಳ್, ಬಳ್ಳಾರಿ ಬಳಿಯ ಸಂಗನಕಲ್ಲು, ಇವು ನವಶಿಲಾಯುಗದ ಜನ ಕಪ್ಪು ಕಲ್ಲನ್ನು ಚೆಕ್ಕೆ ಎಬ್ಬಿಸಿ, ಕುಟ್ಟಿ, ತಿಕ್ಕಿ ನುಣುಪಾದ ಕೊಡಲಿ ಮಾಡುತ್ತಿದ್ದ ನೆಲ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕೊಡಲಿ ತಯಾರಿಕೆಯ ಜಾಗವೇ ಇತ್ತು. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿದ ರಾಬರ್ಟ್ ಬ್ರೂಸ್ ಫೂಟ್ ಮುಂದೆ ಬಳ್ಳಾರಿ ಸೀಮೆಯಲ್ಲೂ ಇಂಥವನ್ನು ಸಂಗ್ರಹಿಸಿದರು. ಅವರ ಸಂಗ್ರಹ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು, ವಿದ್ವಾಂಸರಿಗೆ ದಕ್ಕಿತು. ಯಾವ ಹೊಲ, ಯಾವ ಪದರ ಎಂಬ ಗುರುತು ಕಳೆದುಕೊಂಡು ಯಾರದೋ ಶೋಕೇಸ್ ಸೇರಿದ ಕೊಡಲಿಯಿಂದ ಯಾರೂ ಏನನ್ನೂ ತಿಳಿಯಲಾರರು. ಹೊಲ ಉಳುವಾಗ, ಅಡಿಪಾಯ ತೋಡುವಾಗ ಇಂಥದ್ದು ಸಿಕ್ಕರೆ ಸಿಕ್ಕ ಜಾಗದ ಫೋಟೊ ತೆಗೆದು ಜಿಲ್ಲಾಧಿಕಾರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.

ಹಿಡಿ ದಂತದ್ದು, ಜಿಂಕೆ ಅಥವಾ ಕಡವೆ ಕೊಂಬಿನದು, ಒರೆ ಚಿರತೆ ಚರ್ಮದ್ದು ಎಂದರೆ ಇನ್ನೊಂದು ಕಾನೂನು ಅಡ್ಡ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳ ಮಾರಾಟ ನಿಷಿದ್ಧ. ತಾತನ ಕಾಲದ್ದು ಎಂಬ ಸಮಜಾಯಿಷಿ ಮಾರಾಟಕ್ಕೆ ನಡೆಯುವುದಿಲ್ಲ.

ಮಾಲು ಯಾರದು, ಮಾರಿದವರು ಯಾರು

2018ರ ಸೆಪ್ಟೆಂಬರಿನಲ್ಲಿ ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯದಿಂದ ರತ್ನಖಚಿತ ಚಿನ್ನದ ಊಟದ ಡಬ್ಬಿ, ಕಪ್ಪು, ಬಸಿ ಕಳುವಾದವು. ನಗರ ಪೊಲೀಸರು ಕೆಲವೇ ದಿನಗಳಲ್ಲಿ ಅವನ್ನು ಮರಳಿ ತಂದರು. ಅದು ನಾಡಿಗೇ ಗೊತ್ತಿರುವ ವಸ್ತು. ಗುಡಿಯ ಉಗ್ರಾಣದಿಂದಲೋ ಹಳೆಯ ವಾಡೆಯಿಂದಲೋ ಕಾಣೆಯಾದ ಕೊಡಲಿಗೆ ಅಂಥ ಪ್ರಸಿದ್ಧಿ ಇಲ್ಲ, ಅದು ಸಲೀಸಾಗಿ ಕೈಬದಲಾಗುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ ಹೇಳುವುದು ಇಷ್ಟು: ಮಾರಿದವನಿಗೆ ಇಲ್ಲದ ಒಡೆತನ ಸಾಮಾನ್ಯವಾಗಿ ಕೊಂಡವನಿಗೂ ಬರುವುದಿಲ್ಲ. ನಿಜವಾದ ಒಡೆಯ ಬಂದರೆ ನೀವು ವಸ್ತು ಬಿಟ್ಟುಕೊಟ್ಟು, ಮಾರಿದವನಿಂದ ಹಣ ವಸೂಲಿಗೆ ಓಡಾಡಬೇಕು. ಕಳವಿನ ಮಾಲು ಎಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಆದ್ದರಿಂದ ಒಂದು ಪುಟದ ಮಾರಾಟ ಪತ್ರ ಬರೆಸಿಕೊಳ್ಳಿ: ಮಾರಿದವರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ವಸ್ತು ಅವರಿಗೆ ಬಂದ ಬಗೆ, ಅಲಗಿನ ಅಳತೆ, ಮುದ್ರೆ ಇದ್ದರೆ ಅದರ ಫೋಟೊ, ಬೆಲೆ, ತಾರೀಖು. ಕೊಡಲೊಪ್ಪದವರಿಂದ ಕೊಳ್ಳಬೇಡಿ. ಮಾರುವವರೂ ಕೊಳ್ಳುವವರ ವಯಸ್ಸು ನೋಡಿ. 18 ತುಂಬದವರೊಂದಿಗೆ ಮಾಡಿದ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ.

ನೂರಿಪ್ಪತ್ತು ವರ್ಷದ್ದು ಎಂದು ಕೊಂಡ ಕೊಡಲಿ ಹೊಸ ಎರಕ ಎಂದು ತಿಳಿದರೆ ಏನು ಮಾಡಬೇಕು? ಮಾರಿದವರು ವ್ಯಾಪಾರಿಯೇ, ಖಾಸಗಿ ವ್ಯಕ್ತಿಯೇ ನೋಡಿ. ವ್ಯಾಪಾರಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ಸಹಾಯವಾಣಿ, ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ಜೈಪುರದಲ್ಲಿದ್ದರೂ ನೀವು ವಾಸಿಸುವ ಹೈದರಾಬಾದಿನಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು 2 ವರ್ಷ. ಆದರೆ ತನ್ನ ಸ್ವಂತದ್ದೊಂದನ್ನು ಒಮ್ಮೆ ಮಾರಿದ ಖಾಸಗಿ ವ್ಯಕ್ತಿಗೆ ಇ-ಕಾಮರ್ಸ್ ನಿಯಮಗಳು ತಾಗುವುದಿಲ್ಲ. ಅಲ್ಲಿ ನಿಮ್ಮ ಆಧಾರ ಸರಕು ಮಾರಾಟ ಕಾಯ್ದೆಯ 15ನೇ ಕಲಂ: ವರ್ಣಿಸಿ ಮಾರಿದ ವಸ್ತು ವರ್ಣನೆಗೆ ಹೊಂದಬೇಕು. ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಬೇಕೆಂದೇ ಮೋಸ ಮಾಡಿದ್ದರೆ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಮೂಲ ಜಾಹೀರಾತಿನ ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ಈ ಯಾವ ದಾರಿಯೂ ಬಹಳ ದೂರ ಹೋಗದು.

ಹಣವನ್ನೇ ಲಪಟಾಯಿಸುವ ಮೋಸ ಮಾರುವವರನ್ನೂ ಬಿಡುವುದಿಲ್ಲ. ‘ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂದವರ ಮಾತು ಅಲ್ಲಿಗೇ ನಿಲ್ಲಲಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹೋದ ಹಣಕ್ಕೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಹಣ ಮುಂದಿನ ಖಾತೆಗಳಿಗೆ ಹಾರುವ ಮುನ್ನ ತಡೆಹಿಡಿಯುವುದು ಆ ವ್ಯವಸ್ಥೆಯ ಕೆಲಸ. ‘ನಮ್ಮ ಠಾಣೆ ವ್ಯಾಪ್ತಿಯಲ್ಲ’ ಎಂದು ದೂರು ನಿರಾಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಘಟನೆ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು.

ಸ್ವೀಡನ್ನಿನ, ಅಮೆರಿಕದ ಹಳೆಯ ಕೊಡಲಿಗಳ ಮೇಲೆ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಬಳಸಿದ ಸರಕಿನ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಬೇಕು. ‘ಉಡುಗೊರೆ’ ಎಂದು ಬರೆಸಿ ತರಿಸುವುದು ಪರಿಹಾರವಲ್ಲ. ದೇಶದೊಳಗೆ ಕಳಿಸುವಾಗ ಬಾಯಿಗೆ ದಪ್ಪ ಚರ್ಮದ ಅಥವಾ ರಟ್ಟಿನ ಒರೆ ಕಟ್ಟಿ, ಒಳಗೇನಿದೆ ಎಂದು ಕೊರಿಯರಿನವರಿಗೆ ನಿಜ ಹೇಳಿ. ವಿಮಾನದಲ್ಲಿ ಕೈಚೀಲದೊಳಗೆ ಕೊಡಲಿ ಒಯ್ಯುವಂತಿಲ್ಲ.

ಪೊಲೀಸರು ಕೊಡಲಿಯನ್ನು ವಶಪಡಿಸಿಕೊಂಡರೆ ಗಾಬರಿಯಾಗಬೇಡಿ, ವಾದಕ್ಕೂ ಇಳಿಯಬೇಡಿ. ಶೋಧ ಮತ್ತು ವಶಪಡಿಕೆಯನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದು ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ‘ಮಾರಕಾಸ್ತ್ರ’ ಎಂದಷ್ಟೇ ಬರೆದಿದ್ದರೆ ಅಳತೆ, ಕಾವಿನ ಬಗೆ, ಮುದ್ರೆಯ ವಿವರ ಸೇರಿಸಲು ಕೋರಿ. ಮಾರಾಟ ಪತ್ರ, ಪುರಾತತ್ವ ಇಲಾಖೆಯ ಪ್ರಮಾಣಪತ್ರಗಳ ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ, ನಕಲು ಕೊಡಿ. ವಸ್ತುವನ್ನು ಮರಳಿ ಪಡೆಯಲು ಅದೇ ಸಂಹಿತೆಯ 497 ಅಥವಾ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರ ಖರ್ಚು ಭರಿಸಲಾಗದ ಅರ್ಹರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.