ಬಳ್ಳಿ ನೆಡುವ ಮೊದಲು

ತಮ್ಮಾ, ತೋಟಗಾರಿಕೆ ಓದಿ ಊರಿಗೇ ಬಂದೆ, ನನಗೆ ಬಹಳ ಸಂತೋಷ. ನಾಲ್ಕೂ ಎಕರೆಗೆ ವೈನ್ ದ್ರಾಕ್ಷಿ ಹಾಕುತ್ತೇನೆ ಅನ್ನುತ್ತಿದ್ದೀಯ. ನಾಲ್ಕೂ ಬೇಡ, ಒಂದರಿಂದ ಶುರು ಮಾಡು.

ನಮ್ಮ ವಿಜಯಪುರದ ಥಾಮ್ಸನ್ ದ್ರಾಕ್ಷಿಗೆ ಎರಡು ದಾರಿ ಇವೆ. ಪೇಟೆಯಲ್ಲಿ ದರ ಬಿದ್ದರೆ ಶೆಡ್ಡಿನಲ್ಲಿ ಹರವಿ ಒಣದ್ರಾಕ್ಷಿ ಮಾಡುತ್ತೇವೆ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಬಂದಾಗ ಮಾರುತ್ತೇವೆ. ವೈನ್ ತಳಿಗಳಾದ ಶಿರಾಜ್, ಕ್ಯಾಬರ್ನೆಗೆ ಆ ಅನುಕೂಲವಿಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವವರು ಕೇಳುವುದಿಲ್ಲ, ಒಣಗಿಸಿದರೂ ಬೆಲೆ ಬರುವುದಿಲ್ಲ. ಕೊಳ್ಳುವವರು ವೈನರಿಯವರು ಮಾತ್ರ.

ನಾಸಿಕದ ಕಥೆ ನೆನಪಿಡು. 2001ರಲ್ಲಿ ಮಹಾರಾಷ್ಟ್ರ ವೈನ್ ನೀತಿ ತಂದ ಮೇಲೆ ಅಲ್ಲಿ ವೈನರಿಗಳು ಒಂದರ ಹಿಂದೆ ಒಂದು ಎದ್ದವು, ರೈತರೂ ನಂಬಿ ಬಳ್ಳಿ ಹಾಕಿದರು. 2008ರಲ್ಲಿ ಆರ್ಥಿಕ ಹಿಂಜರಿತ ಬಂತು, ಮುಂಬೈ ದಾಳಿಯೂ ಆಯಿತು. ಹೋಟೆಲುಗಳು ಖಾಲಿ ಹೊಡೆದವು, ವೈನ್ ಟ್ಯಾಂಕಿನಲ್ಲೇ ಉಳಿಯಿತು. ಹಣ್ಣು ಕೇಳುವವರಿಲ್ಲದೆ ಎಷ್ಟೋ ರೈತರು ಕೈಗೆ ಬಂದ ಬಳ್ಳಿಗಳನ್ನೇ ಕಿತ್ತರು. ಬೇಸಾಯದಲ್ಲಿ ಅವರದೇನೂ ತಪ್ಪಿರಲಿಲ್ಲ.

ಹಾಗಂತ ಈ ಬೆಳೆಗೆ ಭವಿಷ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, 1988ರಲ್ಲಿ ವೈನ್ ದ್ರಾಕ್ಷಿ ತೋಟ ಶುರು ಮಾಡಿದ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ಪ್ರಯೋಗಕ್ಕೆ ಹಾಕಿ, ನಮ್ಮ ಹವೆಗೆ ಒಗ್ಗಿದ್ದನ್ನು ಉಳಿಸಿಕೊಂಡರು. 2007ರಲ್ಲಿ ನಮ್ಮ ಸರ್ಕಾರವೂ ವೈನ್ ನೀತಿ ತಂದಿತು. ಬೆಂಗಳೂರಿನಂಥ ಪೇಟೆ ನಮ್ಮ ರಾಜ್ಯದಲ್ಲೇ ಇದೆ.

ಇನ್ನು ತೋಟದ ಮಾತು. ತಿನ್ನುವ ದ್ರಾಕ್ಷಿಯಲ್ಲಿ ನಾವು ತೂಕದ ಹಿಂದೆ ಬಿದ್ದವರು. ಕಾಳು ಉಬ್ಬಿಸಲು ಗೊನೆಯನ್ನು ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುವ ಅಭ್ಯಾಸವನ್ನು ಇಲ್ಲಿ ಬಿಡು. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ಹಣ್ಣು ಫೆಬ್ರುವರಿ ಹೊತ್ತಿಗೆ ತಯಾರಾಗುವಾಗ ಒಂದು ಕಾಳು ಹಿಚುಕಿ ಬೀಜ ನೋಡು. ಹಸಿರಿದ್ದರೆ ಇನ್ನೂ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ, ಹಲ್ಲಿನಲ್ಲಿ ಕಟಕ್ಕನೆ ಒಡೆದರೆ ಬಲಿತಿದೆ. ಮೀಟರಿನಲ್ಲಿ 22ರಿಂದ 24 ಬ್ರಿಕ್ಸ್ ತೋರಿಸಬೇಕು. ಮೀಟರ್ ಸಕ್ಕರೆಯನ್ನಷ್ಟೇ ಹೇಳುತ್ತದೆ, ಬೀಜ ಪಕ್ವತೆಯನ್ನು ಹೇಳುತ್ತದೆ. ಎರಡನ್ನೂ ನೋಡು.

ಸಸಿಗೆ ಮುಂಗಡ ಕೊಡುವ ಮೊದಲೇ ವೈನರಿಯವರ ಹತ್ತಿರ ಕರಾರು ಬರೆಸಿಕೊ, ಬಾಯಿಮಾತು ನಂಬಬೇಡ. ಕಿಲೋಗೆ ದರ ಎಷ್ಟು, ಎಷ್ಟು ಬ್ರಿಕ್ಸಿಗೆ ಆ ದರ, ದುಡ್ಡು ಎಷ್ಟು ದಿನದಲ್ಲಿ ಕೈಸೇರಬೇಕು, ಎಲ್ಲವೂ ಅದರಲ್ಲಿರಲಿ. ಕೊಯ್ಲಿನ ದಿನ ಗೊತ್ತು ಮಾಡುವವರು ಯಾರು ಎಂಬುದನ್ನಂತೂ ಬಿಡಲೇಬೇಡ. ಹಣ್ಣಾದ ಮೇಲೆ ಅವರು ಲಾರಿ ಕಳಿಸುವುದು ಹತ್ತು ದಿನ ತಡವಾದರೆ ಕಾಳು ಸುಕ್ಕಿ ತೂಕ ಇಳಿಯುತ್ತದೆ. ಆ ನಷ್ಟ ಯಾರದು ಎಂದು ಕಾಗದದ ಮೇಲೆ ಇರಲಿ.