ಜಡ್ಡು, ರಜೆ, ಹಾಜರಿ ಪುಸ್ತಕ: ಮಾಡಬೇಕಾದ್ದು, ಮಾಡಬಾರದ್ದು

ದೇಸೂರದಲ್ಲಿ ಕೆಲಸ ಮಾಡುವ, ದೇಸೂರದಿಂದ ಬೆಳಗಾವಿ, ಖಾನಾಪುರದ ಕಚೇರಿಗಳಿಗೆ ಹೋಗಿಬರುವ ಸರ್ಕಾರಿ ನೌಕರರಿಗೆ, ಅವರ ಮೇಲಧಿಕಾರಿಗಳಿಗೆ.

ಮಂಜೂರಾಗದ ಗೈರುಹಾಜರಿಗೆ ಸಂಬಳವಿಲ್ಲ. ಬೇಕೆಂದೇ ಗೈರಾದದ್ದು ಸಾಬೀತಾದರೆ 1957ರ ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಡಿ ಶಿಕ್ಷೆ; ನೌಕರಿಯೇ ಹೋಗಬಹುದು. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಪೊಲೀಸ್ ಕೇಸೂ ಆಗಬಹುದು.

ನೌಕರರು ಮಾಡಬೇಕಾದ್ದು

– ಕಚೇರಿ, ಸಾಲಿ ತೆರೆಯುವ ಮೊದಲೇ ಫೋನ್ ಮಾಡಿ. ಪಾಟಿಚೀಲ ಹೊತ್ತು ಸಾಲಿ ಕಟ್ಟೆಯ ಮೇಲೆ ಕಾಯುವ ಮಕ್ಕಳಿಗೆ ನಿಮ್ಮ ಜ್ವರದ ಸುದ್ದಿ ಗೊತ್ತಿರುವುದಿಲ್ಲ.
– ಸಾಹೇಬರು ಫೋನ್ ಎತ್ತದಿದ್ದರೆ ಮೆಸೇಜ್ ಕಳಿಸಿ, ಅಳಿಸದೆ ಇಟ್ಟುಕೊಳ್ಳಿ.
– ಎಷ್ಟು ದಿನ ಬೇಕಾದೀತು, ಹೇಳಿ.
– ಪ್ರಮಾಣಪತ್ರವಿಲ್ಲದ ಒಂದೆರಡು ದಿನದ ಜಡ್ಡಿಗೆ ಸಾಂದರ್ಭಿಕ ರಜೆ ಹಾಕಿ. 2019ರಲ್ಲಿ ನಾಲ್ಕನೇ ಶನಿವಾರ ರಜೆಯಾದಾಗ ಕಚೇರಿ ನೌಕರರಿಗೆ ಸಾಂದರ್ಭಿಕ ರಜೆ ವರ್ಷಕ್ಕೆ 15ರಿಂದ 10 ದಿನಕ್ಕೆ ಇಳಿದಿದೆ. ಮದುವೆ, ಜಾತ್ರೆಗೆ ಎಲ್ಲ ಖರ್ಚು ಮಾಡದೆ ಜಡ್ಡಿಗೆಂದು ಕೆಲವನ್ನು ಉಳಿಸಿಕೊಳ್ಳಿ.
– ಜ್ವರ ಇಳಿಯದಿದ್ದರೆ ವೈದ್ಯರನ್ನು ಕಾಣಿ.
– ಪ್ರಮಾಣಪತ್ರವನ್ನು ಅಂದೇ ಕೇಳಿ ಪಡೆಯಿರಿ.
– ರಜೆ ಖಾತೆ ನೋಡಿ ಅರ್ಜಿ ಬರೆಯಿರಿ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ. ಪೂರ್ಣ ಸಂಬಳದ 5 ದಿನ ಪರಿವರ್ತಿತ ರಜೆ ತಗೊಂಡರೆ ಅದರಲ್ಲಿ 10 ದಿನ ಕಡಿತ.
– ಪ್ರಮಾಣಪತ್ರದ ಮೇಲೆ ರಜೆ ಪಡೆದವರು ದೈಹಿಕ ಅರ್ಹತಾ ಪತ್ರ ತಂದೇ ಹಾಜರಾಗಿ.

ನೌಕರರು ಮಾಡಬಾರದ್ದು

– ಜೊತೆಯವರಿಂದ ಹಾಜರಿ ಹಾಕಿಸುವುದು ಬೇಡ.
– ವಾಸಿಯಾದ ಮೇಲೆ ಹಿಂದಿನ ತಾರೀಖಿನ ಪ್ರಮಾಣಪತ್ರ ಮಾಡಿಸುವುದು ಬೇಡ. ಇಲ್ಲದ ಜಡ್ಡಿಗಂತೂ ಬೇಡವೇ ಬೇಡ.
– ಸಾಂದರ್ಭಿಕ ರಜೆಗೆ ಗಳಿಕೆ ರಜೆ ಜೋಡಿಸುವುದು ಬೇಡ.
– ಅರ್ಜಿ ಕೊಟ್ಟ ಮಾತ್ರಕ್ಕೆ ರಜೆ ಸಿಕ್ಕಿತೆಂದು ಕೂರುವುದು ಬೇಡ. ಮಂಜೂರಾಯಿತೇ, ವಿಚಾರಿಸಿ.
– ಗುಳಿಗಿ ನುಂಗಿ, ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುವುದು ಬೇಡ.

ಮೇಲಧಿಕಾರಿಗಳು ಮಾಡಬೇಕಾದ್ದು

– ಹಾಜರಿ ಪುಸ್ತಕದ ಖಾಲಿ ಮನೆಯನ್ನು ಅಂದೇ ತುಂಬಿ. ಸಂಜೆವರೆಗೆ ಖಾಲಿ ಬಿಟ್ಟ ಮನೆಯಲ್ಲಿ ಮರುದಿನ ಸಹಿ ಬಂದು ಕೂಡುತ್ತದೆ: ಬೇರೆ ಶಾಯಿ, ಅಂಚಿಗೆ ಒತ್ತರಿಸಿದ ಅಕ್ಷರ. ಹಾಜರಿ ಕೆಡುವುದು ಅಲ್ಲಿಂದಲೇ.
– ಪ್ರತಿ ಸೋಮವಾರ ಜಡ್ಡು ಬೀಳುವವರನ್ನು ಒಬ್ಬರನ್ನೇ ಕರೆದು ಕೂಡಿಸಿ ಕೇಳಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇರಬಹುದು, ಕುಡಿತವೂ ಇರಬಹುದು; ಕೇಳದೆ ತಿಳಿಯದು.
– ಪ್ರಮಾಣಪತ್ರದ ಮೇಲೆ ಅನುಮಾನವಿದ್ದರೆ ಎರಡನೇ ವೈದ್ಯಕೀಯ ಅಭಿಪ್ರಾಯ ತರಿಸಿ.

ಮೇಲಧಿಕಾರಿಗಳು ಮಾಡಬಾರದ್ದು

– ಎಲ್ಲರ ಮುಂದೆ ರೋಗದ ಹೆಸರು ಕೇಳುವುದು ಬೇಡ. ಹೆಣ್ಣುಮಕ್ಕಳಿಗೆ ಇದು ಎಷ್ಟು ಹಿಂಸೆ ಎಂಬುದನ್ನು ಮರೆಯುವುದು ಬೇಡ.
– ಪ್ರಮಾಣಪತ್ರವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು ಬೇಡ.
– ಬೇಕಾದವರಿಗೆ ಮಾಫಿ, ಬೇಡಾದವರಿಗೆ ನೋಟಿಸ್, ಹೀಗೆ ಮಾಡಬಾರದು.
– ವಿಚಾರಣೆ ಇಲ್ಲದೆ 'ಬೇಕೆಂದೇ ಗೈರು' ಎಂದು ಷರಾ ಬರೆಯುವುದು ಬೇಡ. ಅನಾರೋಗ್ಯದಂಥ ಅನಿವಾರ್ಯ ಕಾರಣದ ಗೈರು ಬೇಕೆಂದೇ ಆದದ್ದಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಕೃಷ್ಣಕಾಂತ ಪರಮಾರ್ ಪ್ರಕರಣದಲ್ಲಿ ಹೇಳಿದೆ. ಸಾಬೀತು ಮಾಡುವ ಹೊಣೆ ನಿಮ್ಮದು.
– ಆಸ್ಪತ್ರೆಯಲ್ಲಿ ಮಲಗಿದವರಿಗೆ ಫೈಲು ಕೇಳಿ ಫೋನ್ ಮಾಡುವುದು ಬೇಡ.